ಕಂಡಕ್ಟರ್‌ಗೆ ಏಟು ಬಿದ್ದರೆ ದೂರು ಕೊಡಬೇಕಾದವರು ಯಾರು?

ಗದಗಿನ ಕಡೆ ಹೊರಟಿದ್ದ ಸಂಜೆಯ ಬಸ್ಸು. ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಸ್ಟೇಜಿನವರೆಗಷ್ಟೇ ಟಿಕೆಟ್ ತಗೊಂಡು ಅಲ್ಲಿಳಿಯದೆ ಕೂತಿದ್ದವನಿಗೆ ಕಂಡಕ್ಟರ್ ಉಳಿದ ದುಡ್ಡು ಕೇಳಿದರು. ಮಾತಿಗೆ ಮಾತು ಬೆಳೆದು ಅವನು ಕೈ ಎತ್ತಿದ. ಕೆನ್ನೆಗೆ ಏಟು ಬಿದ್ದ ರಭಸಕ್ಕೆ ಟಿಕೆಟ್ ಮಷಿನ್ ಕೈಜಾರಿ ಕೆಳಗೆ ಬಿತ್ತು. ಆ ಮನುಷ್ಯ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬಗ್ಗಿ ಮಷಿನ್ ಎತ್ತಿಕೊಂಡು, ಗುಂಡಿ ಒತ್ತಿ, ಇನ್ನೂ ನಡೆಯುತ್ತದೋ ಇಲ್ಲವೋ ಎಂದು ನೋಡಿದರು. ಹೊಡೆದವನು ಮುಂದಿನ ಸ್ಟಾಪಿನಲ್ಲಿ ಇಳಿದು ಹೋದ. ಬಸ್ಸಿನ ತುಂಬ ಇದ್ದ ನಾವು ನೋಡುತ್ತ ಇದ್ದೆವು. ಪೊಲೀಸರಿಗೆ ಹೇಳೋಣ ಎಂದಾಗ ಅವರು, "ಬ್ಯಾಡ ಬಿಡ್ರಿ ಸರ. ಠಾಣೆಗೆ ಹೋದ್ರ ಗಾಡಿ ನಿಲ್ತೈತಿ, ಮಂದಿ ನನಗ ಬೈತಾರ. ಟ್ರಿಪ್ ತಪ್ಪಿದ್ರ ಉತ್ತರ ಕೊಡಾಂವ ನಾನ" ಎಂದು ರೈಟ್ ಹೇಳಿದರು.

2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರದ ಬಾಳೇಕುಂದ್ರಿಯಲ್ಲಿ ಕಂಡಕ್ಟರ್ ಒಬ್ಬರನ್ನು ಗುಂಪು ಕಟ್ಟಿ ಹೊಡೆದಾಗ ನನಗೆ ಆ ಮಷಿನ್ ನೆನಪಾಯಿತು. ಟಿಕೆಟ್ ವಿಷಯಕ್ಕೆ ಶುರುವಾದ ಜಗಳ ಅದು. ನನಗೆ ಮರಾಠಿ ಬರುವುದಿಲ್ಲ ಎಂದದ್ದಕ್ಕೆ ಹೊಡೆದರು ಎಂಬುದು ಅವರ ದೂರು. ಆಸ್ಪತ್ರೆ ಸೇರಿದವರ ಮೇಲೇ ಪೋಕ್ಸೊ ಪ್ರಕರಣ ದಾಖಲಾಯಿತು. ಅದನ್ನು ಮುಂದುವರಿಸುವುದಿಲ್ಲ ಎಂದು ದೂರು ಕೊಟ್ಟ ಕುಟುಂಬದವರೇ ಆಮೇಲೆ ಹೇಳಿದರು. ಎರಡು ರಾಜ್ಯಗಳ ನಡುವೆ ಬಸ್ಸು ನಿಂತವು. ಮಾರ್ಚ್ 22ಕ್ಕೆ ಕರ್ನಾಟಕ ಬಂದ್ ಆಯಿತು.

ಕನ್ನಡ ನಾಡಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಏಟು ತಿನ್ನುವುದೆಂದರೆ ಯಾರಿಗಾದರೂ ರಕ್ತ ಕುದಿಯುತ್ತದೆ, ನನಗೂ ಕುದಿಯಿತು. ಆದರೆ ಅಷ್ಟು ಘೋಷಣೆಗಳ ನಡುವೆ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಏಟು ತಿಂದವರು ಆ ಹೊತ್ತಿನಲ್ಲಿ ಡ್ಯೂಟಿಯ ಮೇಲಿದ್ದರು. ಬಸ್ಸು ಅವರ ಕೆಲಸದ ಜಾಗ. ಅಲ್ಲಿ ಅವರನ್ನು ಕಾಯುವ ಹೊಣೆ ಯಾರದು?

ಭಾಷೆಯ ಗಲಾಟೆಯೊಂದೇ ಕಾರಣವಾಗಿದ್ದರೆ 2024ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್ ಕಡೆ ನಡೆದದ್ದಕ್ಕೆ ಏನೆನ್ನೋಣ? ಬಾಗಿಲ ಬಳಿ ನಿಲ್ಲಬೇಡ, ಒಳಗೆ ಬಾ ಎಂದ ಬಿಎಂಟಿಸಿ ಕಂಡಕ್ಟರ್‌ಗೆ ಪ್ರಯಾಣಿಕನೊಬ್ಬ ಚಾಕು ಹಾಕಿದ. ಫುಟ್‌ಬೋರ್ಡಿನಲ್ಲಿ ನಿಂತವನನ್ನು ಒಳಗೆ ಕರೆಯುವುದು, ಟಿಕೆಟ್ ಕೇಳುವುದು, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಡುವ ಮುಂಚೆ ಗುರುತಿನ ಚೀಟಿ ನೋಡುವುದು, ಎಲ್ಲವೂ ಆ ಕೆಲಸವೇ. ಇವುಗಳಲ್ಲಿ ಒಂದನ್ನು ಬಿಟ್ಟರೂ ತನಿಖೆಯವರು ಹತ್ತಿದಾಗ ಮೆಮೊ ಕಂಡಕ್ಟರ್ ಕೈಗೆ. ಬಿಡದೆ ಕೇಳಿದರೆ ಏಟು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಕರ್ತವ್ಯಕ್ಕೆ ಅಡ್ಡಿಪಡಿಸಲು ಸರ್ಕಾರಿ ನೌಕರರ ಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮಿನಲ್ಲಿ 2 ವರ್ಷದವರೆಗೆ ಜೈಲಿದೆ. ವೈದ್ಯರು, ನರ್ಸ್‌ಗಳಿಗೆಂದೇ ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಇವೆಲ್ಲ ಏಟು ಬಿದ್ದ ಮೇಲಿನ ಮಾತು. ಮಾಲೀಕನ ಹೊಣೆಯನ್ನು ಸ್ಪಷ್ಟವಾಗಿ ಬರೆದಿರುವುದು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಕೆಲಸದ ಜಾಗಕ್ಕೆ ಬಂದು ಹೋಗುವ ಹೊರಗಿನವರಿಂದಲೂ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡಬೇಕು, ಆಕೆ ಪೊಲೀಸರಿಗೆ ದೂರು ಕೊಡಲು ಬಯಸಿದರೆ ನೆರವಾಗಬೇಕು ಎಂದು ಅದರ 19ನೇ ಕಲಂ ಹೇಳುತ್ತದೆ. ಅದೇ ಹೊಣೆಯನ್ನು ಕಪಾಳಮೋಕ್ಷಕ್ಕೂ ಚಾಕುವಿಗೂ ಯಾಕೆ ವಿಸ್ತರಿಸಬಾರದು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಒಪ್ಪಿದ 190ನೇ ಒಡಂಬಡಿಕೆ ಕೇಳುವುದು ಇದನ್ನೇ. ಭಾರತ ಅದನ್ನು ಅನುಮೋದಿಸಿಲ್ಲ.

ಕಂಡಕ್ಟರುಗಳೇನು ಸಾಚಾನಾ ಎಂದು ಕೇಳುವವರಿದ್ದಾರೆ. ಚಿಲ್ಲರೆಗಾಗಿ ಸಿಡುಕುವವರು, ಮುದುಕರನ್ನು ಗದರುವವರು ಇದ್ದಾರೆ, ನಾನೂ ಕಂಡಿದ್ದೇನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬಸ್ಸಿನಲ್ಲಿ ಮಹಿಳಾ ಪ್ರಯಾಣಿಕರೊಬ್ಬರಿಗೆ ಹೊಡೆದ ಕಂಡಕ್ಟರನ್ನು ಅಮಾನತು ಮಾಡಿದರು. ಮಾಡಲೇಬೇಕಿತ್ತು. ಪ್ರಯಾಣಿಕರ ಪರವಾಗಿ ಸಾರಿಗೆ ನಿಗಮ ಅಷ್ಟು ಚುರುಕಾಗಿ ಎದ್ದು ನಿಲ್ಲಬಲ್ಲದು ಎಂದಾದರೆ ತನ್ನ ನೌಕರರ ಪರವಾಗಿಯೂ ನಿಲ್ಲಬಹುದಲ್ಲ. ಅವರು ಏಟು ತಿಂದಾಗ ಮಾತ್ರ ಅದು ಅವರ ಸ್ವಂತ ಜಗಳ ಹೇಗಾಗುತ್ತದೆ?

ತಾಳ್ಮೆಯಿಂದಿರಿ, ವಾದಕ್ಕಿಳಿಯಬೇಡಿ ಎಂಬ ಉಪದೇಶ ಕಂಡಕ್ಟರುಗಳಿಗೆ ಬೇಕಾದಷ್ಟು ಸಿಕ್ಕಿದೆ. ಅವರ ಕೈಗೆ ಸಿಗಬೇಕಾದದ್ದು ಬೇರೆ. ಮಾತು ಕೈಮೀರುತ್ತಿದೆ ಎನ್ನಿಸಿದ ಕೂಡಲೇ 112ಕ್ಕೆ ಕರೆ ಮಾಡಿ ಬಸ್ಸನ್ನು ಹತ್ತಿರದ ಠಾಣೆಗೆ ಒಯ್ಯುವ ಅಧಿಕಾರ ಚಾಲಕ, ನಿರ್ವಾಹಕರಿಗಿದೆ ಎಂದು ಲಿಖಿತ ಆದೇಶವಿರಲಿ. ಓಡುವ ಬಸ್ಸಿನಲ್ಲಿ ಇದು ಯಾರ ಸರಹದ್ದು ಎಂಬ ತಕರಾರು ಇದ್ದದ್ದೇ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಸರಹದ್ದು ಯಾವುದೇ ಇದ್ದರೂ ಇಂಥ ದೂರು ಬರೆದುಕೊಳ್ಳಬೇಕು. ಇದನ್ನು ಡಿಪೊಗಳಲ್ಲಿ ಹೇಳಿಕೊಡಲಿ. ಏಟು ಸಣ್ಣದೆನಿಸಿದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯದ ಕಾನೂನು ದಾಖಲೆಯಾದ ಎಂಎಲ್‌ಸಿ ಮಾಡಿಸಬೇಕು. ಆ ಕಾಗದವಿಲ್ಲದೆ ಕೋರ್ಟಿನಲ್ಲಿ ಪ್ರಕರಣ ಸೊರಗುತ್ತದೆ. ಜತೆಗೆ ನಮ್ಮಲ್ಲಿ ಇಬ್ಬರಾದರೂ ಹೆಸರು, ಫೋನ್ ನಂಬರ್ ಬರೆದುಕೊಡಬೇಕು. ಆ ಸಂಜೆ ನಾನು ಕೊಡಲಿಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಇಷ್ಟಾದ ಮೇಲೂ ಠಾಣೆಯ ಮೆಟ್ಟಿಲನ್ನು ಅವರೊಬ್ಬರೇ ಹತ್ತಬಾರದು. ದೂರಿನ ಕೆಳಗೆ ಡಿಪೊ ಮ್ಯಾನೇಜರ್ ಸಹಿ ಇರಬೇಕು, ಏಟು ತಿಂದವರು ಸಾಕ್ಷಿಯಾಗಲಿ. ವಕೀಲರನ್ನು ನಿಗಮವೇ ಕೊಡಲಿ. ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಕಳೆದ ಪ್ರತಿ ದಿನವನ್ನೂ ಹಾಜರಿ ಪುಸ್ತಕದಲ್ಲಿ ಡ್ಯೂಟಿ ಎಂದೇ ಬರೆಯಲಿ.