ಶಾಲೆ ಹೋದರೂ ಕಟ್ಟಡ ಉಳಿಯಲಿ

ಸಿಂಗಪುರದ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ಒಂದು ಪುಟ್ಟ ಬಾಗಿಲಿದೆ. ಸಾಕಲಾಗದ ಹಸುಗೂಸುಗಳನ್ನು ಹೆತ್ತವರು ಬಿಟ್ಟುಹೋಗುತ್ತಿದ್ದದ್ದು ಅಲ್ಲೇ. ಅದರ ಹೆಸರು ‘ಭರವಸೆಯ ಬಾಗಿಲು’. ಒಳಗಿದ್ದದ್ದು ಫ್ರೆಂಚ್ ಸನ್ಯಾಸಿನಿಯರು 1854ರಲ್ಲಿ ತೆರೆದ ಕ್ಯಾಥೊಲಿಕ್ ಕಾನ್ವೆಂಟ್ ಶಾಲೆ ಮತ್ತು ಅನಾಥಾಲಯ. 1983ರಲ್ಲಿ ಶಾಲೆ ಟೋವಾ ಪಾಯೋ ಬಡಾವಣೆಗೆ ಹೋಯಿತು. 1904ರಲ್ಲಿ ಪೂರ್ಣಗೊಂಡ ಪ್ರಾರ್ಥನಾ ಮಂದಿರ 1990ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಈಗ ಅದು ಮದುವೆ, ಸಮಾರಂಭಗಳ ಸಭಾಂಗಣ. ಸುತ್ತಲಿನ ‘ಚೈಮ್ಸ್’ ಸಂಕೀರ್ಣದ ತುಂಬ ಹೋಟೆಲು, ಬಾರುಗಳು. ಕೂಗಳತೆಯಲ್ಲಿರುವ ಸೇಂಟ್ ಜೋಸೆಫ್ಸ್ ಗಂಡುಮಕ್ಕಳ ಶಾಲೆಯ ಕಟ್ಟಡ ಮಾತ್ರ 1996ರಲ್ಲಿ ಕಲಾ ಸಂಗ್ರಹಾಲಯವಾಗಿ ತೆರೆಯಿತು.

ಪ್ರಾರ್ಥನೆ ನಡೆದ ಜಾಗದ ಪಕ್ಕದಲ್ಲಿ ಮದ್ಯ ಮಾರುವುದೇ ಎಂಬ ಆಕ್ಷೇಪ ಸಹಜ. ಆದರೆ ಬೀಗ ಹಾಕಿಟ್ಟ ಕಟ್ಟಡವನ್ನು ಮಳೆ, ಗೆದ್ದಲು ಸುಮ್ಮನೆ ಬಿಡುವುದಿಲ್ಲ. ಬಳಕೆಯೇ ಅದರ ಆಯುಸ್ಸು. ಇಷ್ಟು ದುಬಾರಿ ನೆಲದಲ್ಲಿ ಗೋಪುರವನ್ನೇ ಎಬ್ಬಿಸಬಹುದಿತ್ತಲ್ಲ ಎನ್ನುವವರೂ ಇದ್ದಾರೆ. ಗೋಪುರ ಎಲ್ಲಿ ಬೇಕಾದರೂ ಏಳುತ್ತದೆ. ಆ ಬಾಗಿಲನ್ನು ಮತ್ತೊಮ್ಮೆ ಕಟ್ಟಲಾಗದು. ಸಂಗ್ರಹಾಲಯ ಶಾಲೆಯ ಮೂಲ ಆಶಯಕ್ಕೆ ಹತ್ತಿರ, ನಿಜ. ಆದರೆ ಅದನ್ನು ನಡೆಸಲು ಸಾರ್ವಜನಿಕ ಹಣ ಬೇಕು. ಪ್ರತಿ ಹಳೆಯ ಶಾಲೆಗೂ ಅದು ಸಿಗುವುದಿಲ್ಲ. ಹಾಗಾಗಿ ವ್ಯಾಪಾರ ಬೇಡವೆನ್ನುವುದಕ್ಕಿಂತ ಅದಕ್ಕೆ ಷರತ್ತು ಹಾಕುವುದು ಜಾಣತನ: ಕಟ್ಟಡದ ಮೂಲರೂಪ ಕೆಡಬಾರದು, ಏನನ್ನೂ ಕೊಳ್ಳದವರೂ ಅಂಗಳಕ್ಕೆ ಬರುವಂತಿರಬೇಕು, ಆ ಬಾಗಿಲ ಕಥೆ ಅಲ್ಲಿಗೆ ಬಂದವರ ಕಣ್ಣಿಗೆ ಬೀಳಬೇಕು. ಇವು ನೆರವೇರದಿದ್ದರೆ ಉಳಿಯುವುದು ಚೆಂದದ ಗೋಡೆ ಮಾತ್ರ, ಇತಿಹಾಸವಲ್ಲ.