ಗುಡ್ಡ ಹಳ್ಳಿಯದು, ಅಪ್ಪಣೆ ಯಾರದು?

ಚಿನ್ನದ ಗಣಿಯ ಇಂಜಿನಿಯರನಾಗಿದ್ದ ಬೀಡನ್ ಎಂಬಾತ 1915ರಲ್ಲಿ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಅದು ಬ್ರಾಹ್ಮೀ ಲಿಪಿಯ ಶಾಸನ. ಅದುವರೆಗೆ ಸಿಕ್ಕಿದ್ದ ಅಂಥ ಶಾಸನಗಳಲ್ಲಿ ದೊರೆಯ ಬಿರುದುಗಳು ಮಾತ್ರ ಇದ್ದವು. ಆ ದೊರೆ ಅಶೋಕನೇ ಎಂಬುದು ಸಿಂಹಳದ ಗ್ರಂಥಗಳನ್ನು ನಂಬಿ ಪಂಡಿತರು ಕಟ್ಟಿದ ತೀರ್ಮಾನವಾಗಿತ್ತು. ಮಸ್ಕಿಯ ಕಲ್ಲು ‘ಅಸೋಕ’ ಎಂದು ಹೆಸರು ಹೇಳಿ ವಾದವನ್ನು ಮುಗಿಸಿತು. ಆ ಬಂಡೆ ಬೀಡನ್‌ನಿಗಿಂತ ಮೊದಲು ಒಬ್ಬ ಜಲ್ಲಿ ಗುತ್ತಿಗೆದಾರನ ಕಣ್ಣಿಗೆ ಬಿದ್ದಿದ್ದರೆ ಇಂದು ಯಾವ ರಸ್ತೆಯ ಅಡಿಯಲ್ಲಿ ಹುಗಿದುಹೋಗಿರುತ್ತಿತ್ತೋ ಯಾರು ಬಲ್ಲರು?

ಈ ಪ್ರಶ್ನೆ ಹಳೆಯ ಕಾಲದ್ದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ತಾಲೂಕುಗಳ ನೆಲ ಬರಿಯ ಕಲ್ಲುಮಣ್ಣಿನ ರಾಶಿಯಲ್ಲ. ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ನಡೆದು, ಶಾಸನಕ್ಕಿಂತ ಬಹು ಹಿಂದಿನ ವಸತಿಯ ಕುರುಹುಗಳು ದೊರೆತವು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆದು ನೋಡಿ 1960ರಲ್ಲಿ ಪ್ರಕಟಿಸಿದ ವರದಿ, ನವಶಿಲಾಯುಗದ ದನಗಾಹಿಗಳು ಅಲ್ಲಿನ ಬಂಡೆಗಳ ನಡುವೆ ಬಾಳಿದ್ದನ್ನು ತೋರಿಸಿತು. ಅದೇ ಗುಡ್ಡಗಳ ಬುಡದಲ್ಲಿ ಇಂದಿಗೂ ಕುರಿ ಮೇಯುತ್ತವೆ. ಅದೇ ಇಳಿಜಾರಿನ ನೀರು ಕೆರೆ ಸೇರುತ್ತದೆ. ಕಾಲುವೆಯ ನೀರು ಹತ್ತದ ಮಡ್ಡಿ ಹೊಲದ ರೈತನಿಗೆ ಈ ಗುಡ್ಡವೇ ಆಣೆಕಟ್ಟು.

ಹಾಗಾದರೆ ಇವುಗಳಿಗೆ ಕಾವಲು ಯಾವುದು? ಕೇಂದ್ರ ಸರಕಾರ ರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರಿನೊಳಗೆ ಗಣಿ ಕೂಡದು, ಅದರಾಚೆ 200 ಮೀಟರಿನವರೆಗೆ ಅಪ್ಪಣೆ ಬೇಕು ಎಂದು 1992ರಲ್ಲಿ ಅಧಿಸೂಚನೆಯಾಯಿತು. ಒಳ್ಳೆಯದು. ಆದರೆ 301ನೆಯ ಮೀಟರಿನಲ್ಲಿ ಚರಿತ್ರೆ ಮುಗಿಯುತ್ತದೆಯೇ? ಪಟ್ಟಿಯಲ್ಲಿ ಸೇರದ ಬೂದಿದಿಬ್ಬಕ್ಕೆ, ಬಂಡೆಚಿತ್ರಕ್ಕೆ, ಕೆರೆಯ ಜಲಾನಯನಕ್ಕೆ ಆ 300 ಮೀಟರಿನ ಭಾಗ್ಯವೂ ಇಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ಶಿಲಾಯುಗದ ಜನ ಬಡಿದು ನಾದ ಹೊರಡಿಸುತ್ತಿದ್ದ ಬಂಡೆಗಳಿವೆ. ಆ ಗುಡ್ಡಗಳನ್ನು ಕಲ್ಲುಗಣಿ ಎಷ್ಟು ತಿಂದಿತೆಂಬುದನ್ನು ಹೋಗಿ ನೋಡಿದರೆ ನಮ್ಮ ನಾಳೆಯ ಚಿತ್ರ ಸಿಗುತ್ತದೆ.

ಕಲ್ಲು, ಜಲ್ಲಿ, ಮರಳು ಇವೆಲ್ಲ ‘ಉಪಖನಿಜ’ಗಳು. 1957ರ ಗಣಿ ಕಾಯ್ದೆಯ 15ನೆಯ ಕಲಮು ಇವುಗಳ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಒಪ್ಪಿಸಿತು. ನಮ್ಮ ರಾಜ್ಯ 1994ರಲ್ಲಿ ಅದಕ್ಕೆ ನಿಯಮಗಳನ್ನು ಮಾಡಿತು. 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರದ ಅನುಮತಿ ಬೇಕೆಂದು ಹೇಳಲು 2012ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಆಮೇಲೆ 2016ರಲ್ಲಿ ಪ್ರತಿ ಜಿಲ್ಲೆಗೂ ಖನಿಜಗಳ ಸಮೀಕ್ಷಾ ವರದಿ ಬೇಕೆಂದು ವಿಧಿಸಲಾಯಿತು. ಅದರ ಕರಡನ್ನು ಜನರ ಅಭಿಪ್ರಾಯಕ್ಕೆಂದು 21 ದಿನ ಬಹಿರಂಗವಾಗಿ ಇಡಬೇಕೆಂದೂ ಹೇಳಲಾಯಿತು. ಓದುಗರೇ, ನಿಮ್ಮ ಊರಿನಲ್ಲಿ ಅಂಥ ಕರಡನ್ನು ಕಂಡವರು ಯಾರಾದರೂ ಇದ್ದಾರೆಯೇ? ಡಂಗುರ ಸಾರಿದ್ದನ್ನು ಕೇಳಿದವರು ಇದ್ದಾರೆಯೇ? ಗುಡ್ಡ ಹರಾಜಾದ ಸುದ್ದಿ ಹಳ್ಳಿಗೆ ತಿಳಿಯುವುದು ಮೊದಲನೆಯ ಸಿಡಿಮದ್ದಿನ ಸದ್ದಿನಿಂದ.

ಮರಳಿನ ಕತೆ ಬೇರೆಯಲ್ಲ. ಸಿಂಧನೂರಿನ ಗಡಿಯಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹೊಳೆಯ ಮರಳೆಂದರೆ ನೀರನ್ನು ಹಿಡಿದಿಡುವ ಸ್ಪಂಜು. ಅದು ಹೋದರೆ ದಂಡೆ ಕುಸಿಯುತ್ತದೆ, ಬಾವಿಯ ನೀರು ಇಳಿಯುತ್ತದೆ, ಬೇಸಗೆಯಲ್ಲಿ ಹೆಣ್ಣುಮಕ್ಕಳ ಕೊಡದ ದಾರಿ ಉದ್ದವಾಗುತ್ತದೆ. ನೆರೆಯ ಮಾನ್ವಿ ತಾಲೂಕಿನಲ್ಲಿ 2018ರಲ್ಲಿ ಅಕ್ರಮ ಮರಳನ್ನು ತಡೆಯಹೋದ ಗ್ರಾಮಲೆಕ್ಕಿಗರೊಬ್ಬರು ಲಾರಿಯ ಚಕ್ರಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಕಾನೂನನ್ನು ಒಬ್ಬ ಬಡ ನೌಕರನ ಕೈಗೆ ಕೊಟ್ಟು, ಊರಿಗೆ ಊರನ್ನೇ ಅದರಿಂದ ಹೊರಗಿಟ್ಟರೆ ಆಗುವುದು ಇದೇ. ಹಳ್ಳಿಯೇ ಕಾವಲಿದ್ದರೆ ಆತ ಒಬ್ಬಂಟಿಯಾಗಿ ನಿಲ್ಲಬೇಕಾಗಿರಲಿಲ್ಲ.

ಇದಕ್ಕೆ ಎದುರಾಗಿ ಒಂದು ಮಾತು ಕೇಳಿಬರುತ್ತದೆ: ‘ಮನೆ ಕಟ್ಟಲು ಕಲ್ಲು ಬೇಡವೇ? ಕೂಲಿಕಾರರ ಹೊಟ್ಟೆಗೆ ಏನು?’ ಕಲ್ಲು ಬೇಕು. ನಾವು ಗಣಿಗಾರಿಕೆಯ ಶತ್ರುಗಳಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ 1947ರಲ್ಲಿ ಕಟ್ಟಿದ ಕಂಪನಿ ಇಂದು ರಾಜ್ಯ ಸರಕಾರದ ಆಸ್ತಿ. ಅದರಿಂದ ಸಾವಿರಾರು ಮನೆಗಳ ಒಲೆ ಉರಿದಿದೆ. ಅದು ಸಾರ್ವಜನಿಕ ಗಣಿ, ಅದಕ್ಕೆ ಲೆಕ್ಕವಿದೆ, ಕಾರ್ಮಿಕ ಸಂಘವಿದೆ. ಆದರೆ ಜಲ್ಲಿ ಯಂತ್ರದ ಕತೆ ಏನು? ತಲೆತಲಾಂತರದಿಂದ ಉಳಿಯಿಂದ ಕಲ್ಲು ಸೀಳುತ್ತಿದ್ದ ವಡ್ಡರ ಕೈಯ ಕೆಲಸವನ್ನು ಕಿತ್ತುಕೊಂಡದ್ದೇ ಯಂತ್ರ. ಉಳಿದ ಕೂಲಿಯವನಿಗೆ ದಕ್ಕುವುದು ಪುಪ್ಪುಸದ ತುಂಬ ಧೂಳು. ಕೂಲಿಯವನ ಹೆಸರು ಹೇಳಿ ಗುತ್ತಿಗೆದಾರನ ಪರ ವಾದಿಸುವ ಈ ಕರುಣೆಯನ್ನು ನಾವು ಚೆನ್ನಾಗಿ ಬಲ್ಲೆವು. ಬಳ್ಳಾರಿಯಲ್ಲಿಯೂ ಹೀಗೆಯೇ ವಾದ ನಡೆಯಿತು. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಗಣಿಗಳನ್ನು ನಿಲ್ಲಿಸುವ ಹೊತ್ತಿಗೆ ಎಷ್ಟೋ ಗುಡ್ಡಗಳು ಹಡಗು ಹತ್ತಿ ಹೋಗಿದ್ದವು.

ಪ್ರಶ್ನೆ ಇರುವುದು ಕಲ್ಲು ಬೇಕೋ ಬೇಡವೋ ಎಂಬುದರಲ್ಲಿ ಅಲ್ಲ. ಯಾವ ಗುಡ್ಡ ಒಡೆಯಬಹುದು, ಯಾವುದು ಕೂಡದು ಎಂದು ಹೇಳುವವರು ಯಾರು ಎಂಬುದರಲ್ಲಿ. ಪರಿಶಿಷ್ಟ ಪ್ರದೇಶಗಳಲ್ಲಿ ಉಪಖನಿಜದ ಗುತ್ತಿಗೆಗೆ ಗ್ರಾಮಸಭೆಯ ಅಥವಾ ಪಂಚಾಯಿತಿಯ ಶಿಫಾರಸು ಕಡ್ಡಾಯವೆಂದು 1996ರಲ್ಲಿಯೇ ಸಂಸತ್ತು ಕಾಯ್ದೆ ಮಾಡಿತು. ಒರಿಸ್ಸಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಎಂದು ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನು ಕೇಳಿಸಿತು. 2013ರಲ್ಲಿ ಕೇಳಲ್ಪಟ್ಟ 12 ಗ್ರಾಮಸಭೆಗಳೂ ಬೇಡವೆಂದವು. ಕರ್ನಾಟಕದಲ್ಲಿ ಅಂಥ ಪರಿಶಿಷ್ಟ ಪ್ರದೇಶವೇ ಇಲ್ಲವಾದ್ದರಿಂದ ನಮ್ಮ ಹಳ್ಳಿಗೆ ಆ ಹಕ್ಕಿಲ್ಲವಂತೆ! ಆದರೆ 2020ರ ಮರಳು ನೀತಿಯಲ್ಲಿ ಹಳ್ಳಗಳ ಮರಳಿನ ಹೊಣೆಯನ್ನು ಇದೇ ಸರಕಾರ ಗ್ರಾಮ ಪಂಚಾಯಿತಿಗೆ ಒಪ್ಪಿಸಿತು. ಹಳ್ಳವನ್ನು ಕಾಯಬಲ್ಲ ಪಂಚಾಯಿತಿ ಗುಡ್ಡವನ್ನು ಕಾಯಲಾರದೇ? ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಈ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಲೋಹಿಯಾ ಹೇಳಿದ್ದರು. ನಮ್ಮಲ್ಲಿ ಮೊದಲನೆಯ ಕಂಬವನ್ನು ಕಿತ್ತು ಜಲ್ಲಿ ಮಾಡಲಾಗಿದೆ.

ನಮ್ಮ ಬೇಡಿಕೆ ಸರಳ. ಹರಾಜಿಗೆ ಮೊದಲು ಶಾಸನ, ಬೂದಿದಿಬ್ಬ, ಬಂಡೆಚಿತ್ರ, ಗೋಮಾಳ, ಕೆರೆಯ ಜಲಾನಯನ ಇವುಗಳ ನಕ್ಷೆಯಾಗಲಿ. ಸ್ವಾಭಾವಿಕ ಸಂಪತ್ತಿನ ಹಂಚಿಕೆಯನ್ನೂ ಪರಿಸರ ರಕ್ಷಣೆಯನ್ನೂ ಯೋಜಿಸಬೇಕೆಂದು ಸಂವಿಧಾನವೇ ಹೇಳಿರುವ ಜಿಲ್ಲಾ ಯೋಜನಾ ಸಮಿತಿ ಆ ಕೆಲಸ ಮಾಡಲಿ. ಸಮೀಕ್ಷಾ ವರದಿಯ ಕರಡನ್ನು ಕನ್ನಡದಲ್ಲಿ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಗುತ್ತಿಗೆ ಕೂಡದೆಂದು ರಾಜ್ಯ ತನ್ನ ನಿಯಮವನ್ನು ತಿದ್ದಲಿ. ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ. ಒಪ್ಪಿದ ಕಡೆ ಮೊದಲ ಹಕ್ಕು ಕಲ್ಲುಕುಟಿಗರ ಸಹಕಾರ ಸಂಘಕ್ಕಿರಲಿ.

ಸರಕಾರ ತಾನಾಗಿ ಇದನ್ನು ಕೊಡುವುದಿಲ್ಲ. ಮುಂದಿನ ಗ್ರಾಮಸಭೆಗೆ ಹೋಗಿ, ‘ನಮ್ಮ ಗುಡ್ಡದ ಕಾಗದ ತೋರಿಸಿ’ ಎಂದು ಕೇಳಿರಿ. ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿರಿ. ಮಸ್ಕಿಯ ಬಂಡೆ ಇಷ್ಟು ಶತಮಾನ ಉಳಿದದ್ದು ಅದನ್ನು ಒಡೆಯುವ ಯಂತ್ರ ಇಲ್ಲದ್ದರಿಂದ. ಈಗ ಯಂತ್ರವಿದೆ. ಇನ್ನು ಮುಂದೆ ಗುಡ್ಡ ಉಳಿಯುವುದಾದರೆ ಜನರಿಂದಲೇ ಉಳಿಯಬೇಕು.