ಬಾಗಿಲು ತೆರೆದ ಮೇಲೆ

ಮಗನೋ ಮಗಳೋ ಅಮೆರಿಕೆಯಲ್ಲಿರುವುದು ಇಂದು ಬೆಂಗಳೂರಿನ ಯಾವ ಬಡಾವಣೆಯಲ್ಲೂ ವಿಶೇಷ ಸಂಗತಿಯಲ್ಲ. ಆದರೆ 1946ರ ಶಾಸನದ ಪ್ರಕಾರ, ಅಲ್ಲಿ ನೆಲೆಸಲು ಇಡೀ ಭಾರತಕ್ಕೆ ದೊರೆತಿದ್ದ ಪಾಲು ವರ್ಷಕ್ಕೆ 100 ಮಂದಿ. ಒಂದು ಮದುವೆಯ ದಿಬ್ಬಣಕ್ಕೂ ಸಾಲದ ಸಂಖ್ಯೆ!

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್‌ರವರು ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬಳಿ ಹೊಸ ಶಾಸನಕ್ಕೆ ಅಂಕಿತ ಹಾಕಿದರು. ಹುಟ್ಟಿದ ನಾಡಿಗಿಂತ ಬಂಧುತ್ವಕ್ಕೂ ವಿದ್ಯೆಗೂ ಬೆಲೆ ಬಂದಿತು. ವೈದ್ಯರು ಹೊರಟರು, ಇಂಜಿನಿಯರುಗಳು ಹೊರಟರು.

ಆದರೂ ಹುಟ್ಟಿದ ನಾಡು ಬೆನ್ನು ಬಿಡಲಿಲ್ಲ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ದೊರೆಯುವ ಸುಮಾರು 1,40,000 ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶಕ್ಕೂ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲವು. ಮಡದಿ ಮಕ್ಕಳೂ ಆ ಲೆಕ್ಕದಲ್ಲಿಯೇ ಸೇರಬೇಕು. ಪುಟ್ಟ ಐಸ್‌ಲೆಂಡಿಗೂ ವಿಶಾಲ ಭಾರತಕ್ಕೂ ಒಂದೇ ಅಳತೆಗೋಲು. ಸಮಾನತೆಯೆಂದರೆ ಇದೇ ಇರಬೇಕು! ಹೀಗಾಗಿ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ.

ಸಾಲಿನಲ್ಲಿ ನಿಂತ ತಂದೆಗೆ ತಾಳ್ಮೆಯಿರಬಹುದು. ಮಗಳ ವಯಸ್ಸಿಗೆ ಅದಿಲ್ಲ. ಎರಡು ವರ್ಷದ ಕೂಸಾಗಿ ಹೋದವಳು ಅಲ್ಲಿಯ ಶಾಲೆಯಲ್ಲಿಯೇ ಓದಿ ಬೆಳೆಯುತ್ತಾಳೆ. ತಂದೆಯ ಸರದಿ ಬರುವ ಮೊದಲೇ, ಶಾಸನದ ಲೆಕ್ಕದಲ್ಲಿ ಅವಳಿಗೆ 21 ತುಂಬಿತೆಂದರೆ ಅವನ ಅರ್ಜಿಯಲ್ಲಿ ಅವಳಿಗೆ ಸ್ಥಳವಿಲ್ಲ. ವಿದ್ಯಾರ್ಥಿಯ ವೀಸಾ ಪಡೆದು ತಾನು ಬೆಳೆದ ಊರಿನಲ್ಲಿಯೇ ಪರದೇಶಿಯಾಗಿ ಉಳಿಯಬೇಕು. ಅಥವಾ ರಜೆಯಲ್ಲಿ ಮಾತ್ರ ಕಂಡಿದ್ದ ಅಜ್ಜಿಯ ಮನೆಗೆ, ಒಬ್ಬಳೇ, ಹಿಂದಿರುಗಬೇಕು.